ನವಜಾತ ಶಿಶು ತಪಾಸಣೆ: ಹಿಮ್ಮಡಿಯ ರಕ್ತದ ಹನಿ

ಹುಟ್ಟಿದ 48ರಿಂದ 72 ಗಂಟೆಯೊಳಗೆ ಮಗುವಿನ ಹಿಮ್ಮಡಿಯ ಅಂಚನ್ನು ಚುಚ್ಚಿ, ನಾಲ್ಕಾರು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. 1960ರ ದಶಕದ ಆರಂಭದಲ್ಲಿ ಈ ವಿಧಾನ ರೂಪಿಸಿದವರು ಅಮೆರಿಕದ ರಾಬರ್ಟ್ ಗತ್ರಿ. ಪತ್ತೆಹಚ್ಚಲು ಹೊರಟದ್ದು ಫೀನೈಲ್‌ಕೀಟೋನೂರಿಯ (ಪಿಕೆಯು). ಈ ಆನುವಂಶಿಕ ಕಾಯಿಲೆಯಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ಶೇಖರವಾಗಿ ಮಿದುಳಿಗೆ ಹಾನಿಯಾಗುತ್ತದೆ. ಈ ಹಾನಿಯನ್ನು ಆಹಾರದ ಪಥ್ಯದಿಂದಲೇ ತಡೆಯಬಹುದು, ಆದರೆ ಪಥ್ಯ ಮೊದಲ ವಾರಗಳಲ್ಲೇ ಶುರುವಾಗಬೇಕು.

ಭಾರತದಲ್ಲಿ ಹೆಚ್ಚು ಮುಖ್ಯವಾದದ್ದು ಜನ್ಮಜಾತ ಹೈಪೊಥೈರಾಯ್ಡಿಸಂ (ಥೈರಾಯ್ಡ್ ಹಾರ್ಮೋನಿನ ಕೊರತೆ). ಮಗು ನೋಡಲು ಆರೋಗ್ಯವಾಗಿಯೇ ಇರುತ್ತದೆ, ತೊಡಕು ಇರುವುದೇ ಅಲ್ಲಿ. ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನ್) ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಅಗ್ಗದ ಥೈರಾಕ್ಸಿನ್ ಮಾತ್ರೆ ಬುದ್ಧಿಮಾಂದ್ಯವನ್ನು ತಪ್ಪಿಸುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೂ ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ. ಶ್ರವಣಕ್ಕೆ ಒಎಇ (ಓಟೊಅಕೌಸ್ಟಿಕ್ ಎಮಿಷನ್) ಪರೀಕ್ಷೆ, ಹೃದಯದ ಗಂಭೀರ ದೋಷಕ್ಕೆ ಪಲ್ಸ್ ಆಕ್ಸಿಮೀಟರ್ ಬಳಸುತ್ತಾರೆ.

ದೇಶದ ಆರಂಭಿಕ ದೊಡ್ಡ ಪ್ರಯೋಗ ನಡೆದದ್ದು ಕರ್ನಾಟಕದಲ್ಲಿ: 1980ರ ದಶಕದಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳ ತಪಾಸಣೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನವರಿಗೆ. ಅದರಡಿ ಆರು ವಾರದವರೆಗಿನ ಶಿಶುಗಳನ್ನು ಮನೆಯಲ್ಲಿ ನೋಡುವವರು ಆಶಾ ಕಾರ್ಯಕರ್ತೆಯರು.

ಗೊಂದಲ ಬೇಡ: ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ ಅಪ್ಗಾರ್ ಅಂಕ (0–10) ಬೇರೆಯದೇ. ಅದನ್ನು ಹುಟ್ಟಿದ 1 ಮತ್ತು 5ನೇ ನಿಮಿಷದಲ್ಲಿ ಕೊಡುತ್ತಾರೆ, ರಕ್ತ ಬೇಕಿಲ್ಲ.