ಬಾದಾಮಿ ಕೊಂಬೆ ನೋಡಿದ ಯೆರೆಮೀಯ

ಯೆರೆಮೀಯ 1:11-12 ತೆಗೆಯಿರಿ. ದೇವರು ಯುವ ಪ್ರವಾದಿಗೆ ತೋರಿಸಿದ್ದು ಬಾದಾಮಿ ಕೊಂಬೆ. ಇಸ್ರಾಯೇಲಿನಲ್ಲಿ ಚಳಿ ಮುಗಿಯೋ ಮುಂಚೆಯೇ, ಎಲೆ ಬರೋಕ್ಕೂ ಮೊದಲು ಹೂ ಬಿಡೋ ಮರ ಅದು. ಇಬ್ರಿಯದಲ್ಲಿ ಬಾದಾಮಿ ಅಂದ್ರೆ ‘ಶಾಕೇದ್’, ಎಚ್ಚರವಾಗಿ ಕಾಯುವವನು ‘ಶೋಕೇದ್’. ತನ್ನ ಮಾತು ನೆರವೇರುವ ತನಕ ಕರ್ತನು ಎಚ್ಚರವಾಗಿದ್ದಾನೆ.

ಆದರೆ ಗಮನಿಸಿ: ಸುಮಾರು 40 ವರ್ಷದ ನಂತರ, ಆತನ ಮಾತಿನಂತೆ ಯೆರೂಸಲೇಮ್ ಬಿತ್ತು. ಆತನ ಮಾತಿನಂತೆಯೇ ಜನ ಬಾಬೆಲಿನಿಂದ ತಿರುಗಿ ಬಂದರು. ಚಳಿಗಾಲದಲ್ಲೂ ಕಾಯುವವನು ಆತನೇ.

ಲೇ-ಆಫ್ ಆಗಿದ್ದನ್ನ ಮನೆಯಲ್ಲಿ ಹೇಳದೆ ದಿನಾ ಬ್ಯಾಗ್ ಹಾಕ್ಕೊಂಡು ಹೊರಡೋ ತಮ್ಮಾ, ಮುಂದಿನ ವಾರ ಆಫರ್ ಲೆಟರ್ ಬರುತ್ತೆ ಅಂತ ನಾನು ಹೇಳಲಾರೆ. ಸಮಾಧಿಯಿಂದ ಎದ್ದ ಯೇಸು ನಿನಗಾಗಿ ಎಚ್ಚರವಾಗಿದ್ದಾನೆ ಅಂತ ಹೇಳಬಲ್ಲೆ. ಇದೇ ನಮ್ಮ ನಿರೀಕ್ಷೆ. ಇವತ್ತು ಅಮ್ಮನಿಗೆ ನಿಜ ಹೇಳು. ಆಮೆನ್.