ಯಾವ ಹುಂಜದ ಮರಿ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಕಡಕ್‌ನಾಥ್ ಕೋಳಿ ಸಾಕಿದ್ದಾರೆ. ಸಂಘದಲ್ಲಿ ಸಾಲ ತೆಗೆದು 4 ಹೇಂಟೆ, 1 ಹುಂಜ ತಂದರು. ಮನೆಯ ನಾಟಿ ಕೋಳಿಗಳ ಜೊತೆಗೇ ಬಿಟ್ಟರು. ಮೊಟ್ಟೆ ಕೂಡಿಟ್ಟು ಕಾವಿಗೆ ಕೂರಿಸಿದರು. 11 ಮರಿ ಆದವು. ಸಾಕಿ ದೊಡ್ಡದು ಮಾಡಿ ಮಾರಲು ಹೋದರು. ಕೊಳ್ಳುವವರು ಒಂದೊಂದೇ ಎತ್ತಿ ನೋಡಿದರು. ಕೆಲವಕ್ಕೆ ಕಾಲು ಬಿಳಿ. ಕೆಲವಕ್ಕೆ ಕೆಂಪು ಗರಿ. “ಇದು ಬೆರಕೆ ಕಣಕ್ಕಾ, ನಾಟಿ ರೇಟು ಕೊಡ್ತೀವಿ” ಅಂದರು. ಸಾಲದ ಕಂತು ಹಾಗೇ ಉಳಿಯಿತು.

ಎಲ್ಲಿ ತಪ್ಪಾಯ್ತು? ನಾವೆಲ್ಲ ಕೂತು ಮಾತಾಡಿದೆವು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ. ಗರಿ, ಜುಟ್ಟು, ಕಾಲು, ಚರ್ಮ, ಮಾಂಸ ಎಲ್ಲ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ನಾಟಿ ಮೊಟ್ಟೆಯ ಹಾಗೇ ಇರುತ್ತದೆ. ಮೊಟ್ಟೆ ನೋಡಿ ತಂದೆ ಯಾರು ಅಂತ ಹೇಳೋಕೆ ಆಗಲ್ಲ. ಬೆರಕೆ ಮರಿಗಳಲ್ಲೂ ಕೆಲವು ಕಪ್ಪಾಗೇ ಹುಟ್ಟುತ್ತವೆ. ಕಪ್ಪು ಇದ್ದ ಮಾತ್ರಕ್ಕೆ ಶುದ್ಧ ತಳಿ ಅಲ್ಲ.

“ಹಾಗಾದರೆ ನಾಟಿ ಹುಂಜ ಹಿಡಿದು ಕಟ್ಟಿದರೆ ಆಯ್ತಲ್ಲ?” ಎಂದು ಒಬ್ಬರು ಕೇಳಿದರು. ಸಾಲದು. ಹುಂಜ ಕೂಡಿದ ಮೇಲೆ ಅದರ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯುತ್ತದೆ. ಇವತ್ತು ಬೇರೆ ಮಾಡಿದರೂ ನಾಳೆಯ ಮೊಟ್ಟೆಯಲ್ಲಿ ಹಳೆಯ ಹುಂಜದ ಮರಿ ಇರಬಹುದು. ಆದ್ದರಿಂದ ಕಡಕ್‌ನಾಥ್ ಹೇಂಟೆಗಳನ್ನು ಅದೇ ತಳಿಯ ಹುಂಜದ ಜೊತೆ ಬೇರೆ ಗೂಡಿಗೆ ಹಾಕಬೇಕು. ಮೇಲೂ ಬಲೆ ಹಾಕಿ. ಪಕ್ಕದ ಮನೆ ಹುಂಜಕ್ಕೆ ಬೇಲಿ ಯಾವ ಲೆಕ್ಕ! 3 ವಾರ ಕಾಯಿರಿ. ಆ ದಿನಗಳ ಮೊಟ್ಟೆ ತಿನ್ನಿ, ಮಕ್ಕಳಿಗೆ ಕೊಡಿ, ಮಾರಿ. ಕಾವಿಗೆ ಮಾತ್ರ ಬೇಡ.

ಆಮೇಲೆ ಒಂದು ವಾರದ ಮೊಟ್ಟೆ ಕೂಡಿಡಿ. ತೊಳೆಯಬೇಡಿ. ಮೊನೆ ಕೆಳಗೆ ಮಾಡಿ ತಂಪಾದ ಜಾಗದಲ್ಲಿಡಿ. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ‘ಕ’ ಎಂದು ಬರೆಯಿರಿ. ನಾಟಿ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟರೆ ಗೊತ್ತಾಗುತ್ತದೆ. ಅಕ್ಷರ ಇಲ್ಲದ್ದನ್ನು ತೆಗೆದುಬಿಡಿ.

ಕಡಕ್‌ನಾಥ್ ಸಾಮಾನ್ಯವಾಗಿ ಕಾವಿಗೆ ಕೂರೋದಿಲ್ಲ. ನಾಟಿ ಹೇಂಟೆಯನ್ನೇ ಕೂರಿಸಿ. ಸಾಕುತಾಯಿ ಯಾರಾದರೂ ತಳಿ ಬದಲಾಗಲ್ಲ. ಒಂದು ಹೇಂಟೆಗೆ 10–12 ಮೊಟ್ಟೆ ಸಾಕು. ಏಳೆಂಟು ದಿನಕ್ಕೆ, ಕತ್ತಲಲ್ಲಿ, ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಬೇರಿನ ಹಾಗೆ ಕೆಂಪು ನರ ಕಂಡರೆ ಮರಿ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು ಮೊಟ್ಟೆ.

ಲೆಕ್ಕ ಹಾಕೋಣ. ಕಾಯುವುದು 21 ದಿನ. ಕೂಡಿಡುವುದು 7 ದಿನ. ಕಾವು 21 ದಿನ. ಒಟ್ಟು 49 ದಿನ.

ಗಿರಿರಾಜ ಕೋಳಿಯ ವಿಷಯ ಬೇರೆ. ಅದು ಹಲವು ತಳಿ ಕೂಡಿಸಿ ಬೆಂಗಳೂರಿನ ಹೆಬ್ಬಾಳದಲ್ಲಿ ಮಾಡಿದ ಕೋಳಿ. ಎಷ್ಟೇ ಬೇರೆ ಇಟ್ಟರೂ ಅದರ ಮರಿಗಳು ತಾಯಿಯಷ್ಟು ಚೆನ್ನಾಗಿ ಬರೋದಿಲ್ಲ. ಪ್ರತಿ ಸಲ ಮರಿ ಹೊಸದಾಗಿ ತರಬೇಕು.

ನಮ್ಮ ಅಕ್ಕ ಗೋಡೆಯ ಮೇಲೆ ಇದ್ದಿಲಿನಿಂದ ತಾರೀಖು ಬರೆದಿಟ್ಟರು. 12 ಮೊಟ್ಟೆ ಇಟ್ಟರು. 9 ಮರಿ ಆದವು. ಒಂದೊಂದರ ಕಾಲಿಗೂ ನೂಲು ಕಟ್ಟಿದರು. ಮರಿ ಬೆಳೆದಂತೆ ನೂಲು ಸಡಿಲ ಮಾಡಬೇಕು, ಮರೆತರೆ ಕಾಲು ಕೊಯ್ಯುತ್ತದೆ. ಮೊದಲು ಬೆರಕೆ ಎಂದವರೇ ಮತ್ತೆ ಬಂದರು. 6 ಕೊಂಡರು. ಉಳಿದ 3 ಹೇಂಟೆ ಅಕ್ಕ ಕೊಡಲಿಲ್ಲ.