ಒಳಚರಂಡಿ ಯೋಜನೆ: ಪ್ರಶ್ನೆ ಕೇಳಬೇಕಾದವರು ಯಾರು?

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ‘ಬಾಹ್ಯ ಪರಿಣಾಮ’ ಎಂಬ ವಿಷಯ ಬರುತ್ತದೆ. ಒಬ್ಬರು ಮಾಡುವ ಕೆಲಸದ ಲಾಭ ಅಥವಾ ನಷ್ಟ ಇನ್ನೊಬ್ಬರಿಗೆ ತಟ್ಟುತ್ತದೆ. ಆದರೆ ಅದಕ್ಕಾಗಿ ಯಾರೂ ಹಣ ಕೊಡುವುದಿಲ್ಲ, ಪಡೆಯುವುದೂ ಇಲ್ಲ. ಪುಸ್ತಕದಲ್ಲಿರುವುದು ನದಿಯನ್ನು ಕೆಡಿಸುವ ತೈಲ ಶುದ್ಧೀಕರಣ ಕಾರ್ಖಾನೆಯ ಉದಾಹರಣೆ. ಪರೀಕ್ಷೆಗೆ ಅದು ಸಾಕು. ಆದರೆ ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಕೊಳಚೆ ನೀರು. ಅದರ ಮೂಲಕ ಈ ಪಾಠವನ್ನು ಇನ್ನೊಮ್ಮೆ ಓದೋಣ.

ಕೊಳಚೆ ಏಕೆ ಗಡಿ ದಾಟುತ್ತದೆ?

ಒಳಚರಂಡಿಯ ನೀರು ಇಳಿಜಾರಿನತ್ತ ಹರಿಯುತ್ತದೆ. ಅದಕ್ಕೆ ವಾರ್ಡು, ಪಂಚಾಯಿತಿ, ತಾಲ್ಲೂಕು ಗೊತ್ತಿಲ್ಲ. ಬೆಂಗಳೂರು ದಿಬ್ಬದ ಮೇಲಿರುವ ನಗರ. ಅಲ್ಲಿನ ನೀರು ಮುಖ್ಯವಾಗಿ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಆದ್ದರಿಂದ ಒಂದೊಂದು ಊರೂ ತನ್ನಷ್ಟಕ್ಕೆ ಪೈಪು ಹಾಕಿಕೊಂಡರೆ ಪ್ರಯೋಜನವಿಲ್ಲ. ಇಡೀ ಪ್ರದೇಶಕ್ಕೆ ಒಂದು ಯೋಜನೆ ಬೇಕೇ ಬೇಕು. 1964ರಲ್ಲಿ ಜಲಮಂಡಳಿ, 1976ರಲ್ಲಿ ಬಿಡಿಎ, 1985ರ ಕಾಯ್ದೆಯಿಂದ ಬಿಎಂಆರ್‌ಡಿಎ ಬಂದದ್ದು ಇಂಥ ಅಗತ್ಯಗಳಿಗಾಗಿಯೇ.

ತೊಂದರೆ ಬರುವುದು ನಗರ ಬೆಳೆಯುವ ಕ್ರಮದಲ್ಲಿ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅಪಾರ್ಟ್‌ಮೆಂಟುಗಳು ಬೇಗ ಎದ್ದವು. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಅಂದರೆ 17 ವರ್ಷಗಳ ನಂತರ. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಬಂದ ನೀರು ಬಳಕೆಯಾದ ಮೇಲೆ ಬಹುಪಾಲು ಕೊಳಚೆಯಾಗಿ ಎಲ್ಲಿಗಾದರೂ ಹೋಗಲೇಬೇಕಲ್ಲವೇ? ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡದ ಲಾಭವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರು, ಚರಂಡಿಯ ಖರ್ಚನ್ನು ಮುಂದಿನ ವರ್ಷಗಳಿಗೆ ತಳ್ಳಿದರು.

ಕೆಳಗಿನ ಊರುಗಳ ಕಥೆ

ವೃಷಭಾವತಿಯ ಕೊಳಚೆ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ. ಅಲ್ಲಿನ ರೈತರು ದಶಕಗಳಿಂದ ಆ ನೀರಿನಲ್ಲೇ ಬೆಳೆ ತೆಗೆದಿದ್ದಾರೆ. ಈಗ ಅದೇ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಭೂಮಿಯಲ್ಲಿ ಉಪನಗರ ಕಟ್ಟುವ ಯೋಜನೆ ಬಂದಿದೆ. ಅದನ್ನು ವಿರೋಧಿಸಿ ರೈತರು 2025ರಲ್ಲಿ ಧರಣಿ ಕುಳಿತರು. ಮೊದಲು ನಗರದ ಕೊಳಚೆ ಬಂತು, ಹಿಂದೆಯೇ ನಗರವೂ ಬರುತ್ತಿದೆ.

ಕೋಲಾರದ ಕಥೆ ಬೇರೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರನ್ನು ಅಲ್ಲಿನ ಕೆರೆಗಳಿಗೆ ತುಂಬಿಸುತ್ತಾರೆ. 2018ರ ಜೂನಿನಲ್ಲಿ ನೀರು ಬಂತು. ಜುಲೈನಲ್ಲಿ ಕೆರೆಯಲ್ಲಿ ನೊರೆ ಕಂಡಿತು, ಹೈಕೋರ್ಟ್ ನೀರು ಬಿಡುವುದನ್ನು ತಡೆಯಿತು. ಆಮೇಲೆ ತಡೆ ತೆರವಾಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಎರಡು ಹಂತ ಮಾತ್ರ ಶುದ್ಧವಾಗುತ್ತದೆ, ಸಾರಜನಕ, ರಂಜಕ, ರೋಗಾಣುಗಳನ್ನು ಇನ್ನಷ್ಟು ತೆಗೆಯುವ ಮೂರನೇ ಹಂತವೂ ಬೇಕು ಎಂಬುದು ಹೋರಾಟಗಾರರ ವಾದ. ಅಂತರ್ಜಲ ಏರಿದ್ದೂ ನಿಜ. ಯೋಜನೆ ಬೇಡ ಎನ್ನುವುದು ಒಂದು ಮಾತು, ಸರಿಯಾಗಿ ಮಾಡಿ ಎನ್ನುವುದು ಇನ್ನೊಂದು. ಎರಡನೆಯದು ಅಭಿವೃದ್ಧಿ ವಿರೋಧವಲ್ಲ.

ಸಂವಿಧಾನ ಇಟ್ಟ ಕುರ್ಚಿ

ಇಂಥ ಪ್ರಶ್ನೆ ಕೋರ್ಟಿಗೂ ಧರಣಿಗೂ ಹೋಗುವ ಮೊದಲು ಕೇಳಲು ಒಂದು ಜಾಗವಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 243ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸುವುದು, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ನೋಡುವುದು ಅದರ ಕೆಲಸ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ, ಅವರೊಳಗಿನಿಂದಲೇ ಆಯ್ಕೆಯಾಗಬೇಕು. ಮಹಾನಗರ ಯೋಜನಾ ಸಮಿತಿಯಲ್ಲಿ ಈ ಪಾಲು ಮೂರರಲ್ಲಿ ಎರಡು. ಅಂದರೆ ಸ್ಥಳೀಯ ಸದಸ್ಯ ಪ್ರಶ್ನೆ ಕೇಳುವುದು ಅಡ್ಡಿ ಮಾಡುವುದಲ್ಲ, ಅವನಿಗೆ ವಹಿಸಿದ ಕರ್ತವ್ಯ. ಪವಿತ್ರ ಖುರ್‌ಆನಿನ 42ನೇ ಅಧ್ಯಾಯದ ಹೆಸರು ಅಶ್ಶೂರಾ, ಅಂದರೆ ಸಮಾಲೋಚನೆ. ಈ ಕಲ್ಪನೆ ನಮಗೆ ಹೊಸದೇನೂ ಅಲ್ಲ.

ಆದರೆ ಕುರ್ಚಿಯಲ್ಲಿ ಕೂರುವವರು ಬೇಕಲ್ಲ! ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಆ ಸಂಸ್ಥೆಗೆ ಮತ್ತೆ ಚುನಾವಣೆಯೇ ನಡೆಯಲಿಲ್ಲ. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಅಧಿಕಾರಿಗಳ ಆಡಳಿತವೇ ನಡೆಯಿತು. ಆಡಳಿತಾಧಿಕಾರಿ ಎಷ್ಟೇ ಒಳ್ಳೆಯವರಾದರೂ, ಕೆರೆ ಕೆಟ್ಟರೆ ಅವರನ್ನು ಮತ ಹಾಕಿ ಬದಲಾಯಿಸಲು ನಮಗೆ ಸಾಧ್ಯವಿಲ್ಲ.

ನಮಗೇನು ಸಂಬಂಧ?

ನಮ್ಮ ಬಲಸಮುದ್ರದ ಹೆಸರಿನಲ್ಲೇ ‘ಸಮುದ್ರ’ ಇದೆ. ಊರ ಹೆಸರಿನ ಕೊನೆಗೆ ಬರುವ ಸಮುದ್ರವೆಂದರೆ ಸಾಮಾನ್ಯವಾಗಿ ಕೆರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಳೆ ಕಡಿಮೆಯ ತಾಲ್ಲೂಕುಗಳು. ಕೆರೆ ಕೆಟ್ಟರೆ ಬೋರ್‌ವೆಲ್ಲೂ ಕೆಡುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ ದಾಟಿ ಮಧುಗಿರಿ ಸೀಮೆಗೆ ಬರುತ್ತದೆ. ಮೇಲಿನ ಊರು ಚರಂಡಿಯನ್ನು ಹೊಳೆಗೆ ಬಿಟ್ಟರೆ ಕೆಳಗಿನ ಊರಿಗೆ ಬಾಹ್ಯ ಪರಿಣಾಮ! ವೃಷಭಾವತಿ ಕಣಿವೆಯ ಸಂಸ್ಕರಿತ ನೀರನ್ನು ತುಮಕೂರು ಜಿಲ್ಲೆಯ ಕೆರೆಗಳಿಗೂ ಹರಿಸುವ ಯೋಜನೆ ಇರುವುದರಿಂದ ಕೋಲಾರದ ಪಾಠ ನಮಗೂ ಬೇಕು.

ಗ್ರಾಮಸಭೆಯಲ್ಲಿ 18 ವರ್ಷ ತುಂಬಿದ ಮತದಾರರೆಲ್ಲ ಸದಸ್ಯರು. ನಮ್ಮಲ್ಲಿ ಅನೇಕರು ಮುಂದಿನ ವರ್ಷ ಆ ಸಾಲಿಗೆ ಸೇರುತ್ತೇವೆ. ಆಗ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳೋಣ:

1. ಈ ಯೋಜನೆಯ ನೀರು ಕೊನೆಗೆ ಯಾವ ಊರಿಗೆ ಹೋಗುತ್ತದೆ? ಆ ಊರಿನವರನ್ನು ಕೇಳಿದ್ದಾರೆಯೇ?
2. ನೀರನ್ನು ಎಷ್ಟು ಹಂತ ಶುದ್ಧ ಮಾಡುತ್ತಾರೆ? ಪರೀಕ್ಷೆಯ ವರದಿಯನ್ನು ಪಂಚಾಯಿತಿ ಕಚೇರಿಯಲ್ಲಿ ಹಾಕುತ್ತಾರೆಯೇ?
3. ಕಟ್ಟುವ ಖರ್ಚು ಎಷ್ಟು, ಪ್ರತಿ ವರ್ಷ ನಡೆಸುವ ಖರ್ಚು ಎಷ್ಟು? ಎರಡನೆಯದನ್ನು ಕೊಡುವವರು ಯಾರು?
4. ಹೊಸ ಬಡಾವಣೆಗೆ ಒಪ್ಪಿಗೆ ಮೊದಲೋ, ಚರಂಡಿ ಮೊದಲೋ?

ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಸಿಕ್ಕ ಮೇಲೆ ಒಪ್ಪಿಗೆಯ ಕೈ ಎತ್ತೋಣ.